ಅಂತರಂಗದ ಕುರುಕ್ಷೇತ್ರ



ಪುರಾಣದ ಒಂದು ಪ್ರಸಂಗವಾಗಲಿ ವೇದದ ಒಂದು ಮಂತ್ರವಾಗಲಿ ನಮ್ಮ ಬುದ್ಧಿಗೆ ಎಟುಕದೆ ಹೋದಾಗ, ಅಥವಾ ಎಟುಕಿಯೂ ನಮ್ಮ ಮನಸ್ಸಿಗೆ ಸಂಕೋಚವನ್ನುಂಟುಮಾಡಿದಾಗ, ‘ಇದೆಲ್ಲ ಸಾಂಕೇತಿಕ, ಇದರ ಒಳ ಅರ್ಥವೇ ಬೇರೆ’ ಎಂದುಬಿಡುವ ವಾಡಿಕೆ ಈಚಿನ ಕಾಲದಲ್ಲಿ ವಿದ್ಯಾವಂತರಲ್ಲಿ ಬಹಳವಾಗಿ ಬೆಳೆದಿದೆ. ಈ ಮಾತನ್ನು ಆಡುವವರಲ್ಲಿ ಎರಡು ಬಗೆಯ ಮನೋಧರ್ಮವುಂಟು. ಒಂದು, ವಿಜ್ಞಾನದ ಮುಂದೆ ತಲೆತಗ್ಗಿಸಬೇಕಾಗಿ ಬಂದೀತೆಂಬ ಅಳುಕಿನಿಂದ ಗ್ರಂಥಕ್ಕೆ ರಕ್ಷೆ ಕಟ್ಟುವ ಮನೋಧರ್ಮ. ಇನ್ನೊಂದು, ಗ್ರಂಥದ ಮಾತು ತನ್ನ ಅಂತರಂಗದ ಯಾವುದೋ ಅನುಭವವನ್ನೇ ಹೆಸರಿಟ್ಟು ಕರೆಯುತ್ತಿದೆಯೆಂದು ಸಾಧಕನಾದವನು ಗುರುತಿಸುವಾಗ ಅವನಲ್ಲಿ ಹುಟ್ಟುವ ಮನೋಧರ್ಮ. ಮೊದಲನೆಯದು ಶಾಸ್ತ್ರವನ್ನು ಕಾಪಾಡಿದಂತೆ ತೋರಿದರೂ ಅದನ್ನು ನಿಸ್ಸಾರಗೊಳಿಸುತ್ತದೆ. ಎರಡನೆಯದು ಅನುಭಾವಿಗಳ ಮಾರ್ಗ. ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಈ ಎರಡನೆಯದನ್ನು ಕುರಿತು. ಅದರಲ್ಲಿಯೂ ಮುಖ್ಯವಾಗಿ ನಮ್ಮ ನಾಡಿನ ಜನ ತಲೆತಲಾಂತರದಿಂದ ಕೇಳುತ್ತ ಬಂದಿರುವ ಮಹಾಭಾರತದ ವಿಷಯದಲ್ಲಿ ಅದು ಹೇಗೆ ನಡೆದುಬಂದಿದೆ, ಹೇಗೆ ನಡೆಯಬೇಕು ಎಂಬುದನ್ನು ಕುರಿತು.

ಶಾಸ್ತ್ರವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ನೆಲೆಯ ಅರ್ಥವಿರಬಹುದೆಂಬ ತಿಳಿವಳಿಕೆ ನಮ್ಮಲ್ಲಿ ಹೊಸದಲ್ಲ. ಇಂದ್ರನು ಕೊಂದ ವೃತ್ರನು ಯಾರು ಎಂಬ ಪ್ರಶ್ನೆಯನ್ನು ಯಾಸ್ಕನು ತನ್ನ ನಿರುಕ್ತದಲ್ಲಿ ತಾನೇ ಎತ್ತಿಕೊಂಡು, ಅವನು ಮೇಘವೆಂದು ನೈರುಕ್ತರೂ, ತ್ವಷ್ಟೃವಿನ ಮಗನಾದ ಅಸುರನೆಂದು ಐತಿಹಾಸಿಕರೂ ಹೇಳುತ್ತಾರೆಂದು ಎರಡು ಪಕ್ಷಗಳನ್ನೂ ನಿಷ್ಪಕ್ಷಪಾತವಾಗಿ ಮುಂದಿಡುತ್ತಾನೆ. ಮಂತ್ರಗಳಿಗೆ ಅರ್ಥವೇ ಇಲ್ಲವೆಂಬ ಕೌತ್ಸನ ವಾದವನ್ನು ಕೂಡ ಅವನು ಮುಚ್ಚಿಡದೆ ಉದ್ಧರಿಸಿ ಉತ್ತರ ಕೊಡುತ್ತಾನೆ. ಅಷ್ಟು ಹಿಂದೆಯೇ, ಒಂದೇ ಮಂತ್ರದ ಮುಂದೆ ಕುಳಿತ ವಿದ್ವಾಂಸರಲ್ಲಿ ಒಬ್ಬನು ಯಜ್ಞವನ್ನೂ ಒಬ್ಬನು ಆಕಾಶವನ್ನೂ ಒಬ್ಬನು ತನ್ನ ಆತ್ಮವನ್ನೂ ಕಾಣುತ್ತಿದ್ದರೆಂಬುದು ನಮಗೆ ಧೈರ್ಯವನ್ನು ಕೊಡತಕ್ಕ ಸಂಗತಿ.

ಆದರೆ ಉಪನಿಷತ್ತುಗಳಿಗೆ ಬಂದಾಗ ಈ ವ್ಯವಹಾರದ ಸ್ವರೂಪವೇ ಬದಲಾಗುತ್ತದೆ. ಬೃಹದಾರಣ್ಯಕವು ಆರಂಭವಾಗುವುದು ಅಶ್ವಮೇಧದ ಕುದುರೆಯಿಂದ. ಆ ಕುದುರೆಯ ಶಿರಸ್ಸನ್ನು ಉಷಸ್ಸೆಂದೂ, ಕಣ್ಣನ್ನು ಸೂರ್ಯನೆಂದೂ, ಉಸಿರನ್ನು ವಾಯುವೆಂದೂ ಭಾವಿಸಬೇಕೆಂದು ಋಷಿಯು ವಿಧಿಸುತ್ತಾನೆ. ಚಕ್ರವರ್ತಿಯಲ್ಲದವನಿಗೆ ಅಶ್ವಮೇಧವನ್ನು ಮಾಡುವ ಅಧಿಕಾರವಿಲ್ಲ. ಈ ಉಪಾಸನೆಗಾದರೋ ರಾಜ್ಯ ಬೇಕಾಗಿಲ್ಲ, ಕುದುರೆಯೂ ಬೇಕಾಗಿಲ್ಲ, ಏಕಾಗ್ರವಾದ ಮನಸ್ಸೊಂದು ಬೇಕು. ಕ್ರಿಯೆಯಿಂದ ಆಗತಕ್ಕ ಫಲವು ಅಧಿಕಾರವಿಲ್ಲದವನಿಗೆ ಈ ಧ್ಯಾನದಿಂದಲೇ ಆಗುತ್ತದೆಂದು ಶಂಕರರ ಭಾಷ್ಯವು ಇದನ್ನು ವಿವರಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಯಾವನೋ ವ್ಯಾಖ್ಯಾನಕಾರನು ಹೊರಗಿನಿಂದ ಬಂದು ಗ್ರಂಥದ ಮೇಲೆ ಹೊದಿಸಿದ ರೂಪಕ ಇದಲ್ಲ. ಗ್ರಂಥವೇ ತನ್ನ ಓದುಗನ ಚಿತ್ತಕ್ಕೆ ಹೇಳಿಕೊಟ್ಟ ಒಂದು ಅಭ್ಯಾಸ. ಅದನ್ನು ತಿಳಿದರೆ ಸಾಲದು, ಆಚರಿಸಬೇಕು.

ಇಂಥ ಆಚರಣೆಯೊಂದು ನಮ್ಮ ಊಟದ ಎಲೆಯ ಮುಂದೆ ಇಂದಿಗೂ ಉಳಿದಿದೆ. ವೈದಿಕ ಮನೆಗಳಲ್ಲಿ ಹಿರಿಯರು ಊಟಕ್ಕೆ ಕುಳಿತಾಗ ಎಲೆಯ ಸುತ್ತ ಪರಿಷೇಚನೆ ಮಾಡಿ, ಬಲಗಡೆ ನೆಲದ ಮೇಲೆ ಚಿತ್ರಾಹುತಿಯ ಅಗುಳುಗಳನ್ನಿಟ್ಟು, ಅಂಗೈಯಲ್ಲಿ ಆಪೋಶನದ ನೀರನ್ನು ತೆಗೆದುಕೊಂಡು, ಅನಂತರ ಐದು ಚಿಕ್ಕ ತುತ್ತುಗಳನ್ನು ಹಲ್ಲು ಸೋಕದಂತೆ ನುಂಗುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಕೆಲವರು ಮಾಡುತ್ತಲೂ ಇರಬಹುದು. ಐದು ಪ್ರಾಣಗಳಿಗೆ ಐದು ಆಹುತಿ. ಇದರ ಮೂಲ ಛಾಂದೋಗ್ಯದ ಐದನೆಯ ಅಧ್ಯಾಯದಲ್ಲಿದೆ. ಐವರು ಮಹಾಗೃಹಸ್ಥರೂ ಅವರೊಡನೆ ಉದ್ದಾಲಕ ಆರುಣಿಯೂ ವೈಶ್ವಾನರಾತ್ಮನನ್ನು ತಿಳಿಯಬೇಕೆಂದು ಕೇಕಯದೇಶದ ಅರಸನಾದ ಅಶ್ವಪತಿಯ ಬಳಿಗೆ ಬರುತ್ತಾರೆ. ಒಬ್ಬೊಬ್ಬರೂ ದ್ಯುಲೋಕ, ಆದಿತ್ಯ, ವಾಯು, ಆಕಾಶ, ಜಲ, ಪೃಥಿವಿ ಎಂದು ಆ ಆತ್ಮದ ಒಂದೊಂದು ಅಂಗವನ್ನೇ ಸಮಗ್ರವೆಂದು ಉಪಾಸಿಸುತ್ತಿದ್ದವರು. ಅರಸನು ಅವರ ದೃಷ್ಟಿಯನ್ನು ಒಟ್ಟುಗೂಡಿಸಿ, ಆಮೇಲೆ ಮನುಷ್ಯಶರೀರವನ್ನೇ ಯಜ್ಞಶಾಲೆಯನ್ನಾಗಿ ತೋರಿಸುತ್ತಾನೆ: ಎದೆಯೇ ವೇದಿ, ರೋಮಗಳೇ ದರ್ಭೆ, ಹೃದಯವೇ ಗಾರ್ಹಪತ್ಯ, ಮನಸ್ಸೇ ಅನ್ವಾಹಾರ್ಯಪಚನ, ಬಾಯಿಯೇ ಆಹವನೀಯ. ಇಷ್ಟಕ್ಕೇ ನಿಂತಿದ್ದರೆ ಇದೊಂದು ರಮ್ಯವಾದ ಕಲ್ಪನೆಯೆಂದು ಮೆಚ್ಚಿ ಮುಂದೆ ಹೋಗಬಹುದಾಗಿತ್ತು. ಆದರೆ ಉಪನಿಷತ್ತು ಅಲ್ಲಿಗೆ ಬಿಡುವುದಿಲ್ಲ. ಹೀಗೆ ತಿಳಿದವನು ತನ್ನ ಎಲೆಯಲ್ಲಿ ಉಳಿದುದನ್ನು ಚಂಡಾಲನಿಗೆ ಕೊಟ್ಟರೂ ಅದು ವೈಶ್ವಾನರಾತ್ಮನಲ್ಲಿಯೇ ಹೋಮವಾದಂತೆ ಎಂದು ಅದು ಹೇಳುತ್ತದೆ. ಊರಿನ ಅಂಚಿನಲ್ಲಿ ನಿಲ್ಲಿಸಲ್ಪಟ್ಟವನ ಹಸಿವನ್ನೂ ತನ್ನ ಯಜ್ಞಕುಂಡವೆಂದು ತಿಳಿಯಬೇಕಾದ ಹೊಣೆಯನ್ನು ಆ ರೂಪಕವು ಉಂಡವನ ಮೇಲೆ ಹೊರಿಸಿತು. ಐದು ತುತ್ತುಗಳನ್ನು ನಾವು ಉಳಿಸಿಕೊಂಡೆವು. ಈ ಹೊಣೆಯನ್ನು ಬಹುಮಟ್ಟಿಗೆ ಕೈಬಿಟ್ಟೆವು. ಇದನ್ನು ದುಃಖದಿಂದಲೇ ಹೇಳುತ್ತೇನೆ.

ರೂಪಕಾರ್ಥವನ್ನು ಮನಬಂದಂತೆ ಮಾಡದಿರುವುದಕ್ಕೆ ಕಟ್ಟುಪಾಡುಗಳೂ ನಮ್ಮಲ್ಲಿದ್ದುವು. ಯೂಪಸ್ತಂಭವೇ ಆದಿತ್ಯನೆಂಬ ಅರ್ಥದ ವೇದವಾಕ್ಯವನ್ನು ಮೀಮಾಂಸಕರು ವಿಚಾರಿಸಿದ ಬಗೆಯನ್ನು ನೋಡಿರಿ. ಮರದ ಕಂಬವು ಸೂರ್ಯನಾಗಿರಲಾರದೆಂಬುದು ಪ್ರತ್ಯಕ್ಷಸಿದ್ಧ; ಆದ್ದರಿಂದ ಇದು ಗುಣವಾದ; ತುಪ್ಪ ಸವರಿದ ಕಂಬವು ಹೊಳೆಯುತ್ತದೆಯಾದ ಕಾರಣ ಆ ತೇಜಸ್ಸಿನ ಸಾದೃಶ್ಯದಿಂದ ಹಾಗೆ ಹೇಳಿದೆ ಎಂದು ಅವರ ನಿರ್ಣಯ. ಮತ್ತೊಂದು ಪ್ರಮಾಣದೊಡನೆ ವಿರೋಧ ಬಂದಲ್ಲಿ ಮಾತ್ರ ಗೌಣಾರ್ಥ; ವಿರೋಧವಿಲ್ಲದಲ್ಲಿ ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳತಕ್ಕದ್ದು. ಮಿತಭಾಷಿಗಳಾದ ಈ ಮೀಮಾಂಸಕರಿಂದ ಅನುಭಾವಿಗಳೂ ಕಲಿಯಬೇಕಾದುದು ಇದೆ.

ಈಗ ನಮ್ಮ ನಾಡಿಗೆ ಬರೋಣ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ರಚಿಸಿದ ಮಹಾಭಾರತತಾತ್ಪರ್ಯನಿರ್ಣಯವು 32 ಅಧ್ಯಾಯಗಳ ಗ್ರಂಥ. ಅದರ ಎರಡನೆಯ ಅಧ್ಯಾಯದಲ್ಲಿ ಕೆಲವೇ ಶ್ಲೋಕಗಳೊಳಗೆ ಭಾರತಕಥೆಯ ಅಧ್ಯಾತ್ಮಾರ್ಥವು ಅಡಕವಾಗಿದೆ. ಭಕ್ತಿ, ಜ್ಞಾನ, ವೈರಾಗ್ಯ, ಪ್ರಜ್ಞೆ, ಮೇಧೆ, ಧೃತಿ ಮೊದಲಾದ ಹತ್ತು ಗುಣಗಳ ಮೂರ್ತಿ ಭೀಮಸೇನ. ಸರ್ವವಿದ್ಯಾಸ್ವರೂಪಿಣಿ ದ್ರೌಪದಿ. ಅಜ್ಞಾನಾದಿಗಳ ಸ್ವರೂಪನಾದ ಕಲಿಯೇ ದುರ್ಯೋಧನ. ವಿಪರೀತಜ್ಞಾನವೇ ದುಃಶಾಸನ. ನಾಸ್ತಿಕ್ಯವೇ ಶಕುನಿ. ಉಳಿದ ಧಾರ್ತರಾಷ್ಟ್ರರು ಬೇರೆ ಬೇರೆ ದೋಷಗಳು. ಅಹಂಕಾರವೇ ಅಶ್ವತ್ಥಾಮ. ದ್ರೋಣಾದಿಗಳು ಇಂದ್ರಿಯಗಳು. ಆ ಕಡೆಯ ಸೈನಿಕರು ಪಾಪಗಳು, ಪಾಂಡವರ ಕಡೆಯವರು ಪುಣ್ಯಗಳು. ಇವೆಲ್ಲವನ್ನೂ ನಡೆಯಿಸುವವನು ವಿಷ್ಣು.

ಈ ಪಟ್ಟಿಯನ್ನು ಕೇಳಿದೊಡನೆ, ಹಾಗಾದರೆ ಆಚಾರ್ಯರಿಗೆ ಭಾರತಯುದ್ಧವು ನಡೆದ ಸಂಗತಿಯಾಗಿರಲಿಲ್ಲವೆಂದು ಯಾರಾದರೂ ಊಹಿಸಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಭೀಮನು ವಾಯುದೇವರ ಅವತಾರವೆಂದೂ, ತಾವು ಆ ವಾಯುವಿನ ಮೂರನೆಯ ಅವತಾರವೆಂದೂ ನಂಬಿದ್ದವರು ಅವರು. ಕಥೆಯನ್ನು ಘಟನೆ ಘಟನೆಯಾಗಿ, ರಾಮಾವತಾರದಿಂದ ಹಿಡಿದು ಪಾಂಡವರ ಸ್ವರ್ಗಾರೋಹಣದವರೆಗೆ ಅದೇ ಗ್ರಂಥದಲ್ಲಿ ನಿರೂಪಿಸುತ್ತಾರೆ. ಇನ್ನೂ ಒಂದು ಮಾತು. ಅಧ್ಯಾತ್ಮಾರ್ಥವನ್ನು ಹೇಳುವ ಇದೇ ಎರಡನೆಯ ಅಧ್ಯಾಯದ ಆರಂಭದಲ್ಲಿ ಅವರು ಎತ್ತಿಕೊಳ್ಳುವ ವಿಚಾರ ಯಾವುದೆಂದರೆ, ಗ್ರಂಥಪಾಠದ ಶುದ್ಧಿ. ಕೆಲವರು ಗ್ರಂಥದಲ್ಲಿ ಹೊಸದನ್ನು ಸೇರಿಸುತ್ತಾರೆ, ಕೆಲವರು ಇದ್ದುದನ್ನು ಬಿಡುತ್ತಾರೆ, ಕೆಲವರು ಹಿಂದು ಮುಂದು ಮಾಡುತ್ತಾರೆ. ಆದಕಾರಣ ಬೇರೆ ಬೇರೆ ಪ್ರಾಂತಗಳ ಪ್ರತಿಗಳನ್ನು ನೋಡಿ ನಿರ್ಣಯಿಸಬೇಕಾಯಿತೆಂದು ಅವರು ಹೇಳಿಕೊಂಡಿದ್ದಾರೆ. ತಾಳೆಗರಿಯ ಅಕ್ಷರ ಅಕ್ಷರಕ್ಕೂ ಹೀಗೆ ಕಾತರಿಸಿದ ಅದೇ ಮನಸ್ಸು, ಅದೇ ಅಧ್ಯಾಯದಲ್ಲಿ, ಅದೇ ಅಕ್ಷರಗಳ ಒಳಗಿನಿಂದ ಚಿತ್ತದ ಇತಿಹಾಸವನ್ನೂ ಓದಿತು. ಒಳ ಅರ್ಥವನ್ನು ಬಯಸುವವನು ಹೊರ ಅರ್ಥದಲ್ಲಿ ಅಸಡ್ಡೆಯನ್ನು ತೋರಬಹುದೆಂಬ ಈಗಿನ ಭಾವನೆಗೆ ಇದಕ್ಕಿಂತ ಬಲವಾದ ಪ್ರತ್ಯುತ್ತರವನ್ನು ನಾನು ಬೇರೆ ಕಾಣೆ.

ಹಲವು ವರ್ಷಗಳ ಕೆಳಗೆ ಮಲೆನಾಡಿನ ಒಂದು ಹಳ್ಳಿಯ ದೇವಸ್ಥಾನದ ಪೌಳಿಯಲ್ಲಿ ಕುಮಾರವ್ಯಾಸಭಾರತದ ವಾಚನ ನಡೆಯುತ್ತಿತ್ತು. ಅಂದಿನ ಭಾಗ ಸಭಾಪರ್ವ. ಗಮಕಿಗಳ ಕಂಠ ಸೊಗಸಾಗಿತ್ತು. ದ್ರೌಪದಿಯ ಆರ್ತನಾದ ಬಂದಾಗ ಕೇಳುತ್ತಿದ್ದವರ ಕಣ್ಣುಗಳು ಒದ್ದೆಯಾಗಿದ್ದುವು. ವ್ಯಾಖ್ಯಾನಕಾರರು ಪುಸ್ತಕದಿಂದ ತಲೆಯೆತ್ತಿ, ಇದನ್ನು ನಡೆದ ಸಂಗತಿಯೆಂದು ತಿಳಿದು ಯಾರೂ ವ್ಯಥೆಪಡಬೇಕಾಗಿಲ್ಲವೆಂದೂ, ದ್ರೌಪದಿ ಎಂದರೆ ಜೀವವೆಂದೂ, ಸೀರೆಯೆಂದರೆ ಅದನ್ನು ಮುಸುಕಿರುವ ಅವಿದ್ಯೆಯ ಆವರಣಗಳೆಂದೂ, ಆವರಣಗಳು ಒಂದೊಂದಾಗಿ ಕಳಚಿದರೂ ಮುಗಿಯದ ಕಾರಣ ಭಗವಂತನ ಕೃಪೆ ಬೇಕಾಯಿತೆಂದೂ ವಿವರಿಸಿದರು. ಸಭೆ ತಲೆದೂಗಿತು. ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದ ವೃದ್ಧೆಯೊಬ್ಬಳು ಮಾತ್ರ ಕೈಯನ್ನು ನಿಲ್ಲಿಸಿ, “ಅದೆಲ್ಲ ಸರಿ ಶಾಸ್ತ್ರಿಗಳೆ, ಆ ಹೆಣ್ಣುಮಗಳು ಸಭೇಲಿ ಒಂದು ಪ್ರಶ್ನೆ ಕೇಳಿದ್ಲಲ್ಲ, ಅದಕ್ಕೆ ಯಾರು ಉತ್ತರ ಹೇಳಿದ್ರು?” ಎಂದಳು.

ಧರ್ಮರಾಯನು ಮೊದಲು ತನ್ನನ್ನು ಸೋತು ಆಮೇಲೆ ನನ್ನನ್ನು ಪಣವಾಗಿ ಒಡ್ಡಿದನೋ, ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವುಂಟೋ ಎಂಬುದು ಆ ಪ್ರಶ್ನೆ. ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನಿರ್ಣಯಿಸಲಾರದೆ ಹೋದನು. ಅವಳ ಪರವಾಗಿ ಬಾಯಿಬಿಟ್ಟವನು ಕೌರವರಲ್ಲೊಬ್ಬನಾದ ವಿಕರ್ಣ. ಆ ವೃದ್ಧೆಯ ಮಾತಿನಲ್ಲಿದ್ದ ತರ್ಕದ ಬಲವು ಎಷ್ಟೆಂಬುದು ಯೋಚಿಸಿದಷ್ಟೂ ಹೆಚ್ಚಾಗಿ ಕಾಣುತ್ತದೆ. ಸೀರೆಯು ಅವಿದ್ಯೆಯಾದರೆ ಅದನ್ನು ಸೆಳೆದ ದುಃಶಾಸನನು ಅವಿದ್ಯೆಯನ್ನು ಕಳೆಯುವ ಗುರುವಾಗಬೇಕಾಗುತ್ತದೆ. ಅದನ್ನು ಅಕ್ಷಯವಾಗಿ ಬೆಳೆಯಿಸಿದ ಭಗವಂತನು ಅವಿದ್ಯೆಯನ್ನು ಬೆಳೆಯಿಸಿದವನಾಗುತ್ತಾನೆ. ಕಥೆಯ ಧರ್ಮಾಧರ್ಮವೇ ತಲೆಕೆಳಗಾಯಿತು! ಕಥೆಯ ನೋವನ್ನು ತಪ್ಪಿಸುವುದಕ್ಕಾಗಿ ಹುಡುಕಿದ ಅರ್ಥವು ಇಂಥ ಸ್ಥಿತಿಗೆ ಬಂದು ನಿಲ್ಲುವುದು ಆಕಸ್ಮಿಕವಲ್ಲ. ಆಚಾರ್ಯರ ಕೀಲಿಯಿಂದ ಇದೇ ಪ್ರಸಂಗವನ್ನು ತೆರೆದು ನೋಡಿರಿ. ನಾಸ್ತಿಕ್ಯವು ದಾಳವನ್ನು ಉರುಳಿಸಿದೆ. ಅಜ್ಞಾನವು ಸಿಂಹಾಸನದ ಮೇಲೆ ಕುಳಿತಿದೆ. ವಿಪರೀತಜ್ಞಾನವು ವಿದ್ಯೆಯ ಮುಡಿಯನ್ನು ಹಿಡಿದು ಸಭೆಗೆ ಎಳೆತಂದಿದೆ. ವಿದ್ಯೆಯು ಪ್ರಶ್ನೆ ಕೇಳುತ್ತಿದ್ದಾಳೆ, ಇಂದ್ರಿಯಗಳು ಸುಮ್ಮನೆ ಕುಳಿತಿವೆ. ಹೀಗೆ ಓದಿದಾಗ ದ್ರೌಪದಿಯ ವ್ಯಥೆ ಎಳ್ಳಷ್ಟೂ ಕಡಮೆಯಾಗುವುದಿಲ್ಲ. ಅದು ಹಸ್ತಿನಾವತಿಯ ಸಭೆಯಿಂದ ಓದುಗನ ಎದೆಗೆ ಬಂದು, ಅವಳ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಅವನೇ ಆಗುತ್ತಾನೆ.

ದ್ರೋಣಾದಿಗಳು ಇಂದ್ರಿಯಗಳೆಂಬ ಮಾತಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಅಪೇಕ್ಷೆ. ಏಕೆ ಇಂದ್ರಿಯಗಳು ಎಂಬುದನ್ನು ಆಚಾರ್ಯರು ಅಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದೆ ಹೇಳುವುದು ನನ್ನ ಅನ್ವಯ. ಯುದ್ಧ ಮೊದಲಾಗುವ ಮುನ್ನ ಧರ್ಮರಾಯನು ಕವಚವನ್ನು ಕಳಚಿ, ಆಯುಧವನ್ನು ಕೆಳಗಿಟ್ಟು, ಕಾಲ್ನಡಿಗೆಯಲ್ಲಿ ಶತ್ರುಸೈನ್ಯದೊಳಕ್ಕೆ ನಡೆದು ಹಿರಿಯರಿಗೆ ನಮಸ್ಕರಿಸಿದ ಪ್ರಸಂಗ ಭೀಷ್ಮಪರ್ವದಲ್ಲಿದೆ. ಆಗ ಭೀಷ್ಮ, ದ್ರೋಣ, ಕೃಪ, ಶಲ್ಯ ಈ ನಾಲ್ವರೂ ಒಬ್ಬರಾದ ಮೇಲೊಬ್ಬರು ಒಂದೇ ಮಾತನ್ನು ಹೇಳುತ್ತಾರೆ: ಕೌರವರ ಅರ್ಥಕ್ಕೆ ನಾವು ಕಟ್ಟುಬಿದ್ದಿದ್ದೇವೆ. ಜಯವು ನಿನಗಾಗಲೆಂದು ಹರಸುತ್ತಾರೆ. ಹರಸಿ ಅವನ ಮೇಲೆಯೇ ಬಾಣವನ್ನು ಹೂಡುತ್ತಾರೆ. ಇಂದ್ರಿಯಗಳ ಸ್ವಭಾವವನ್ನು ಇದಕ್ಕಿಂತ ಯಥಾವತ್ತಾಗಿ ಯಾರು ವರ್ಣಿಸಬಲ್ಲರು? ಅವು ಸ್ವತಃ ದುಷ್ಟವಲ್ಲ. ಸಾಧಕನಿಗೆ ಮೊದಲ ಪಾಠವನ್ನು ಕಲಿಸಿದ ಗುರುಗಳೂ ಅವೇ, ಅರ್ಜುನನಿಗೆ ಬಿಲ್ಲು ಹಿಡಿಯಲು ಕಲಿಸಿದವನು ದ್ರೋಣನೇ ಅಲ್ಲವೆ? ಆದರೆ ಯಾರು ಅನ್ನವಿಕ್ಕುತ್ತಾರೋ ಅವರ ಪಕ್ಷವನ್ನು ಅವು ಬಿಡಲಾರವು. ಅಜ್ಞಾನವು ದೀರ್ಘಕಾಲ ಸಾಕಿದ ಇಂದ್ರಿಯಗಳು ಒಳ್ಳೆಯದನ್ನು ಒಳ್ಳೆಯದೆಂದು ಅರಿತೂ ಅದರ ವಿರುದ್ಧವಾಗಿ ಹೋರಾಡುವುದನ್ನು ನಾವು ದಿನದಿನವೂ ನಮ್ಮಲ್ಲಿಯೇ ಕಾಣುತ್ತೇವೆ.

ಮತ್ತೆ, ದ್ರೋಣನು ಬಿದ್ದುದು ಹೇಗೆ? ಯಾರ ಬಾಣಕ್ಕೂ ಬಗ್ಗದ ಆತನು ಅಶ್ವತ್ಥಾಮನು ಹತನಾದನೆಂಬ ಮಾತು ಕಿವಿಗೆ ಬಿದ್ದಾಗ ಬಿಲ್ಲನ್ನು ಕೆಳಗಿಟ್ಟನು. ಅಹಂಕಾರವು ಇಲ್ಲವಾಯಿತೆಂದು ಕೇಳಿದೊಡನೆ ಇಂದ್ರಿಯಗಳಿಗೆ ಕಾದಾಡುವ ಪ್ರಯೋಜನವೇ ಉಳಿಯಲಿಲ್ಲ. ಆದರೆ ಆ ವಾರ್ತೆ ನಿಜವಾಗಿರಲಿಲ್ಲ. ಸತ್ತದ್ದು ಆ ಹೆಸರಿನ ಆನೆ. ಇಲ್ಲಿಯೇ ಭಾರತದ ಅತ್ಯಂತ ಭಯಂಕರವಾದ ಅಂತರಾರ್ಥ ಅಡಗಿದೆಯೆಂದು ನನಗೆ ತೋರುತ್ತದೆ. ಹದಿನೆಂಟು ದಿನಗಳ ಯುದ್ಧ ಮುಗಿದಿದೆ, ಭೀಷ್ಮದ್ರೋಣರು ಬಿದ್ದಿದ್ದಾರೆ, ದುಃಶಾಸನನ ವಧೆಯಾಗಿದೆ, ದುರ್ಯೋಧನನು ತೊಡೆ ಮುರಿದು ಮಣ್ಣಿನಲ್ಲಿ ಹೊರಳುತ್ತಿದ್ದಾನೆ, ಪಾಂಡವರ ಪಾಳೆಯವು ಗೆದ್ದೆವೆಂಬ ನೆಮ್ಮದಿಯಿಂದ ಮಲಗಿದೆ. ಆ ರಾತ್ರಿ ಅಶ್ವತ್ಥಾಮನು ಬರುತ್ತಾನೆ. ಎಲ್ಲ ದೋಷಗಳೂ ಅಡಗಿದ ಮೇಲೆ, ‘ನಾನು ಅಡಗಿಸಿದೆ’ ಎಂಬ ರೂಪದಲ್ಲಿ ಉಳಿದುಕೊಂಡ ಅಹಂಕಾರವು ಸಾಧಕನ ನಿದ್ರೆಯಲ್ಲಿ ಬರುತ್ತದೆ; ಬಂದು ಕೊಲ್ಲುವುದು ದ್ರೌಪದಿಯ ಮಕ್ಕಳನ್ನು, ಎಂದರೆ ವಿದ್ಯೆಯು ಹೆತ್ತ ಫಲಗಳನ್ನು. ಪಾಂಡವರೈವರು ಉಳಿದುಕೊಂಡರೆ ಅದು ಕೃಷ್ಣನ ಸೂಚನೆಯಂತೆ ಆ ರಾತ್ರಿ ಪಾಳೆಯದ ಹೊರಗೆ, ಓಘವತೀ ನದಿಯ ತೀರದಲ್ಲಿ ಕಳೆದುದರಿಂದ. ಅಶ್ವತ್ಥಾಮನನ್ನು ಕೊಲ್ಲುವುದಕ್ಕಂತೂ ಆಗುವುದಿಲ್ಲ. ಅವನ ತಲೆಯ ಮಣಿಯನ್ನು ತೆಗೆದುಕೊಂಡು ಮೂರು ಸಾವಿರ ವರ್ಷ ಅಲೆಯುವಂತೆ ಬಿಡಬೇಕಾಗುತ್ತದೆ. ಸಾಧನಮಾರ್ಗದಲ್ಲಿ ನಡೆದ ಯಾವನಾದರೂ ಇದನ್ನು ಓದಿ ಬೆಚ್ಚದೆ ಇರುವುದು ಸಾಧ್ಯವೆ? ಈ ಅರ್ಥವು ಬೆಳಕಿಗೆ ಬಂದುದು ಕಥೆಯನ್ನು ಬಿಟ್ಟುದರಿಂದಲ್ಲ. ಆನೆಯ ಹೆಸರು, ನದಿಯ ತೀರ, ತಲೆಯ ಮಣಿ ಇಂಥ ಚಿಕ್ಕಪುಟ್ಟ ವಿವರಗಳನ್ನು ಬಿಡದೆ ಹಿಡಿದುದರಿಂದ.

ಬೇರೆ ನಾಡುಗಳ ಅನುಭಾವಿಗಳೂ ಈ ಎಚ್ಚರವನ್ನು ಬಲ್ಲರು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಯಹೂದಿ ತತ್ತ್ವಜ್ಞಾನಿಯಾದ ಫಿಲೋನನು ಅಬ್ರಹಾಮನು ಹುಟ್ಟಿದ ನಾಡನ್ನು ಬಿಟ್ಟು ಹೊರಟ ಕಥೆಯನ್ನು ಇಂದ್ರಿಯಗಳ ನಾಡಿನಿಂದ ಹೊರಟ ಆತ್ಮದ ಯಾತ್ರೆಯೆಂದು ವಿಸ್ತಾರವಾಗಿ ವ್ಯಾಖ್ಯಾನಿಸಿದವನು. ಅದೇ ಪ್ರಬಂಧದಲ್ಲಿ ಅವನು, ಸಬ್ಬತ್ತಿನ ಒಳ ಅರ್ಥ ತಿಳಿಯಿತೆಂದು ಸಬ್ಬತ್ತನ್ನು ಆಚರಿಸದೆ ಬಿಡುವವರನ್ನು ಖಂಡಿಸುತ್ತಾನೆ. ಅಂತರಾರ್ಥವು ಆತ್ಮವಾದರೆ ಅಕ್ಷರಾರ್ಥವು ಶರೀರ, ಆತ್ಮದ ಮನೆಯಾದ್ದರಿಂದ ಶರೀರವನ್ನು ಕಾಪಾಡಬೇಕೆಂಬುದು ಅವನ ಅಭಿಪ್ರಾಯ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆ ಬಹು ತೀವ್ರವಾಗಿ ಎದ್ದುದು ಭಗವದ್ಗೀತೆಯ ವಿಷಯದಲ್ಲಿ. ಹಿಂದೆ ಶಂಕರರು ಗೀತೆಯ ಮೊದಲನೆಯ ಅಧ್ಯಾಯಕ್ಕೆ ವ್ಯಾಖ್ಯಾನವನ್ನೇ ಬರೆಯದೆ ಎರಡನೆಯ ಅಧ್ಯಾಯದ ನಡುವಿನಿಂದ ಆರಂಭಿಸಿದರು. ಕಾಶ್ಮೀರದ ಅಭಿನವಗುಪ್ತನು ಕುರುಕ್ಷೇತ್ರವೆಂದರೆ ಶರೀರವೆಂದೂ ಯುದ್ಧವೆಂದರೆ ವಿದ್ಯೆ ಅವಿದ್ಯೆಗಳ ಹೋರಾಟವೆಂದೂ ಒಂದು ಪಕ್ಷವನ್ನು ತನ್ನ ಗೀತಾವ್ಯಾಖ್ಯಾನದ ಆರಂಭದಲ್ಲಿಯೇ ದಾಖಲಿಸಿದನು. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ಗೀತಾರಹಸ್ಯದಲ್ಲಿ ಯುದ್ಧವನ್ನು ಯುದ್ಧವೆಂದೇ ತೆಗೆದುಕೊಂಡು ಕರ್ಮಯೋಗವನ್ನು ಸ್ಥಾಪಿಸಿದರು. ಆಲೂರ ವೆಂಕಟರಾಯರು ಅದನ್ನು ಕನ್ನಡಿಗರಿಗೆ ತಂದುಕೊಟ್ಟರು. ಮಹಾತ್ಮ ಗಾಂಧಿಯವರು 1930ರಲ್ಲಿ ಪ್ರಕಟವಾದ ಅನಾಸಕ್ತಿಯೋಗದ ಪ್ರಸ್ತಾವನೆಯಲ್ಲಿ, 1888-89ರಲ್ಲಿ ಗೀತೆಯ ಪರಿಚಯ ಮೊದಲಾದಾಗಲೇ ಅದು ಐತಿಹಾಸಿಕ ಗ್ರಂಥವಲ್ಲವೆಂದೂ, ಹೊರಗಿನ ಯುದ್ಧದ ನೆವದಿಂದ ಮಾನವಹೃದಯದಲ್ಲಿ ಸದಾ ನಡೆಯುತ್ತಿರುವ ದ್ವಂದ್ವವನ್ನೇ ವರ್ಣಿಸುತ್ತದೆಂದೂ ತಮಗೆ ಅನ್ನಿಸಿತೆಂದು ಹೇಳಿದರು.

ಗ್ರಂಥದ ಉಪಕ್ರಮವನ್ನು ನೋಡಿದರೆ ತಿಲಕರ ಪಕ್ಷವೇ ಬಲವಾದುದೆಂದು ಒಪ್ಪಬೇಕು. ಅರ್ಜುನನ ಸಂಕಟ ಅಜ್ಜನನ್ನೂ ಗುರುವನ್ನೂ ಕೊಲ್ಲಬೇಕಾದ ಮನುಷ್ಯನ ಸಂಕಟ. ಅಜ್ಜನನ್ನು ಬರಿಯ ದೋಷವೆಂದು ಮಾಡಿಬಿಟ್ಟರೆ ಆ ಸಂಕಟಕ್ಕೆ ನೆಲೆಯೇ ಇಲ್ಲ. ಹಾಗಿದ್ದೂ ಗಾಂಧಿಯವರ ಓದನ್ನು ಕಡೆಗಣಿಸಲಾಗದು. ಅವರು ಅಲ್ಲಿ ಕೇವಲ ಸಂಕೇತದ ಮಾತನ್ನಾಡಿ ಸುಮ್ಮನಾಗಲಿಲ್ಲ. ಮಹಾಭಾರತಕಾರನು ಯುದ್ಧದ ಆವಶ್ಯಕತೆಯನ್ನು ಸಾಧಿಸಲಿಲ್ಲ, ನಿರರ್ಥಕತೆಯನ್ನು ಸಾಧಿಸಿದನು. ಗೆದ್ದವರಿಂದಲೇ ಕಣ್ಣೀರು ಹಾಕಿಸಿದನು ಎಂದು ಕಥೆಯ ಉತ್ತರಭಾಗವನ್ನೇ ಸಾಕ್ಷಿಗೆ ಕರೆದರು. ಅದಕ್ಕಿಂತ ಮುಖ್ಯವಾಗಿ, ಆ ಓದಿನ ಬೆಲೆಯನ್ನು ತಮ್ಮ ಬಾಳಿನಿಂದ ತೆತ್ತರು. ಒಳಗಿನ ಶತ್ರುವಿನೊಡನೆ ಯುದ್ಧವೆಂದು ಗೀತೆಯನ್ನು ಓದಿದವನು ಹೊರಗಿನ ಶತ್ರುವಿನ ಮೇಲೆ ಕೈಯೆತ್ತಬಾರದೆಂಬ ಕಟ್ಟನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ವ್ಯಾಕರಣದಿಂದ ದುರ್ಬಲವಾಗಿ ಕಂಡ ಒಂದು ಅರ್ಥವು ಆಚರಣೆಯಿಂದ ಹೇಗೆ ಗೌರವಾರ್ಹವಾಗುತ್ತದೆಂಬುದಕ್ಕೆ ಇದು ನಿದರ್ಶನ.

ಇನ್ನು ಪ್ರಜ್ಞೆಯ ವಿಚಾರ. ರೂಪಕವೆಂದು ಕರೆಯುವುದರಲ್ಲಿ ನಾವು ತೋರುವ ಆತುರವನ್ನು ತಡೆಯುವಂಥ ಒಂದು ಕಷ್ಟ ಇಲ್ಲಿ ಎದುರಾಗುತ್ತದೆ. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಓಂಕಾರದ ಮಾತ್ರೆಗಳನ್ನು ಜಾಗ್ರತ್ತು, ಸ್ವಪ್ನ, ಸುಷುಪ್ತಿಗಳೊಡನೆ ಸೇರಿಸಿ, ಅವುಗಳಾಚೆಯ ನಾಲ್ಕನೆಯದನ್ನು ನಿಷೇಧಮುಖದಿಂದ ಸೂಚಿಸುತ್ತದೆ. ಎಚ್ಚರ, ಕನಸು, ನಿದ್ರೆ ಇವು ಯಾವುದಕ್ಕೂ ರೂಪಕವಲ್ಲ; ಪ್ರತಿಯೊಬ್ಬನೂ ದಿನಕ್ಕೊಮ್ಮೆ ಹಾದುಹೋಗುವ ಸ್ಥಿತಿಗಳು. ಇಲ್ಲಿ ಶಾಸ್ತ್ರವು ಓದುಗನ ಅನುಭವವನ್ನೇ ಸಾಕ್ಷಿಯಾಗಿ ಕರೆಯುತ್ತದೆ. ಆ ಉಪನಿಷತ್ತಿಗೆ ಕಾರಿಕೆಗಳನ್ನು ಬರೆದ ಗೌಡಪಾದರು, ಮಣ್ಣು, ಲೋಹ, ಕಿಡಿಗಳ ದೃಷ್ಟಾಂತದಿಂದ ಶ್ರುತಿಯು ಹೇಳಿದ ಸೃಷ್ಟಿಕ್ರಮವೆಲ್ಲ ಬುದ್ಧಿಯನ್ನು ಅದ್ವೈತಕ್ಕೆ ಇಳಿಸುವ ಉಪಾಯವೆಂದು ನಿಸ್ಸಂಕೋಚವಾಗಿ ಹೇಳಿದರು. ಸೃಷ್ಟಿಯ ಕಥೆ ಉಪಾಯ, ನಿದ್ರೆಯ ಅನುಭವ ತತ್ತ್ವದ ದ್ವಾರ.

ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಪ್ರಯಾಗದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಆಚಾರ್ಯರಾಗಿದ್ದು, ಬಿಜಾಪುರ ಸೀಮೆಯ ನಿಂಬಾಳದ ಆಶ್ರಮದಲ್ಲಿ 1957ರಲ್ಲಿ ದೇಹವಿಟ್ಟ ಗುರುದೇವ ರಾನಡೆಯವರು ಈ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅರಿಶಿನದ ಬಟ್ಟೆ, ಮೊದಲ ಮಳೆಗೆ ಹೊರಬರುವ ಕೆಂಪು ಇಂದ್ರಗೋಪ, ಅಗ್ನಿಯ ಜ್ವಾಲೆ, ಬಿಳಿಯ ತಾವರೆ, ತಟ್ಟನೆ ಹೊಳೆವ ಮಿಂಚು ಎಂದು ಬೃಹದಾರಣ್ಯಕವು ಪುರುಷನ ರೂಪವನ್ನು ಹೇಳುವಲ್ಲಿ, ಮಂಜು, ಹೊಗೆ, ಮಿಂಚುಹುಳು, ಸ್ಫಟಿಕ, ಚಂದ್ರ ಎಂದು ಶ್ವೇತಾಶ್ವತರವು ಯೋಗಿಗೆ ಮೊದಲು ಕಾಣುವುದನ್ನು ಹೇಳುವಲ್ಲಿ, ಪಂಡಿತರು ಅಲಂಕಾರವನ್ನು ಕಂಡಾರು. ರಾನಡೆಯವರು ಕಂಡುದು ಸಾಧಕರ ಅನುಭವದ ವರದಿಯನ್ನು. ಉಪನಿಷತ್ತುಗಳನ್ನು ಕುರಿತ 1926ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಮಾತುಗಳನ್ನು ಅವರು ಆತ್ಮಾನುಭವದ ಸೂಚನೆಗಳೆಂದೇ ಪರಿಗಣಿಸಿದ್ದಾರೆ. ಧ್ಯಾನಕ್ಕೆ ಕುಳಿತವನಿಗೆ ಬೆಳಕು ಬೆಳಕಾಗಿಯೇ ಕಾಣುತ್ತದೆ, ನಾದ ನಾದವಾಗಿಯೇ ಕೇಳುತ್ತದೆ. ಆದ್ದರಿಂದ ಅನುಭಾವದ ದೃಷ್ಟಿಯೆಂದರೆ ಎಲ್ಲವನ್ನೂ ರೂಪಕವೆಂದು ಕರಗಿಸುವ ದೃಷ್ಟಿಯೆಂದು ತಿಳಿಯಲಾಗದು; ರೂಪಕವೆಂದು ನಾವು ಬದಿಗಿಟ್ಟುದನ್ನು ಎಷ್ಟೋ ವೇಳೆ ಅದು ಯಥಾರ್ಥವೆಂದು ಹಿಂದಕ್ಕೆ ತಂದುಕೊಡುತ್ತದೆ.

ಒಗಟಿನ ರೂಪದಲ್ಲಿರುವ ನಮ್ಮ ಬೆಡಗಿನ ವಚನಗಳಿಗೂ ಕನಕದಾಸರ ಮುಂಡಿಗೆಗಳಿಗೂ ಹಿಂದಿನವರು ಟೀಕೆಗಳನ್ನು ಬರೆದಿಟ್ಟಿದ್ದಾರೆ. ಮರವೆಂದರೆ ದೇಹ, ಕೋತಿಯೆಂದರೆ ಮನಸ್ಸು ಎಂದು ಮುಂತಾಗಿ ಸಂಕೇತಗಳನ್ನು ಬಿಡಿಸುವ ಆ ಟೀಕೆಗಳಿಂದ ನನಗೆ ಬಹಳ ಪ್ರಯೋಜನವಾಗಿದೆ. ಆದರೆ ಟೀಕೆಯನ್ನು ಓದಿ ಮುಗಿಸಿದವನು ವಚನವನ್ನು ಅರಿತನೆಂದು ಬೆಡಗಿನ ವಚನಕಾರನಾದ ಅಲ್ಲಮನು ಒಪ್ಪುತ್ತಿದ್ದನೆಂದು ನಾನು ನಂಬಲಾರೆ. ಬೆಡಗು ಅರ್ಥವನ್ನು ಬಚ್ಚಿಡುವುದಕ್ಕಾಗಿ ಹುಟ್ಟಿದುದಲ್ಲ. ಓದುಗನ ಅಭ್ಯಸ್ತವಾದ ಬುದ್ಧಿಯನ್ನು ತಡೆದು ನಿಲ್ಲಿಸುವುದೇ ಅದರ ಕೆಲಸ. ತಡೆಯನ್ನೇ ತೆಗೆದುಬಿಟ್ಟರೆ ವಚನವು ತನ್ನ ಕೆಲಸವನ್ನು ಮಾಡುವುದು ಹೇಗೆ?

ಈ ಸಭೆಯಲ್ಲಿ ಗಮಕಿಗಳೂ ವ್ಯಾಖ್ಯಾನಕಾರರೂ ಇದ್ದೀರಿ. ಮನೆಯಲ್ಲಿ ಮಕ್ಕಳಿಗೆ ಭಾರತವನ್ನು ಓದಿ ಹೇಳುವ ತಾಯಂದಿರೂ ಇದ್ದೀರಿ. ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಅಂತರಾರ್ಥವನ್ನು ಅವಶ್ಯವಾಗಿ ಹೇಳಿರಿ; ತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದ ಆ ಕೆಲವು ಶ್ಲೋಕಗಳನ್ನು ಯಾವ ಮತದವರಾದರೂ ಸರಿಯೆ, ಒಮ್ಮೆ ಸಭಾಪರ್ವದೊಡನೆಯೂ ಒಮ್ಮೆ ಸೌಪ್ತಿಕಪರ್ವದೊಡನೆಯೂ ಇಟ್ಟುಕೊಂಡು ಓದಿರಿ. ಆದರೆ ಮೊದಲು ಕಥೆಯನ್ನು ಪೂರ್ತಿಯಾಗಿ ಹೇಳಿರಿ. ದ್ರೌಪದಿಯ ಪ್ರಶ್ನೆಯನ್ನು ಕೇಳುಗರ ಮುಂದಿಟ್ಟು, ಅದಕ್ಕೆ ಅವರು ಯೋಚಿಸಲು ಬೇಕಾದಷ್ಟು ಹೊತ್ತು ಕೊಟ್ಟು, ಅನಂತರ ವ್ಯಾಖ್ಯಾನವನ್ನು ಆರಂಭಿಸಿರಿ.